ಸೀಟಿ ಟೀಚರ್ ತಣ್ಣೀರಿನ ಸೂಟು ಕೊಂಡಿದ್ದು

ಊರಿನ ಈಜುಕೊಳದಲ್ಲಿ ಈಜು ಕಲಿತವರನ್ನು ಯಾರನ್ನಾದರೂ ನಿಲ್ಲಿಸಿ ಸೀಟಿ ಟೀಚರ್ ಗೊತ್ತಾ ಅಂತ ಕೇಳಿ. ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ಕುಳ್ಳಗಿನ, ಅಗಲ ಭುಜದ, ಐವತ್ತು ದಾಟಿದ ಹೆಂಗಸು. ಕೊರಳಲ್ಲಿ ಸದಾ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿ. ಹಲಗೆಯ ತುದಿಯಲ್ಲಿ ನಡುಗುತ್ತ ನಿಂತ ಮಕ್ಕಳು ಆ ಸೀಟಿ ಕೇಳಿದರೆ ಸಾಕು, ನೀರಿನ ಭಯ ಮರೆತು ದುಡುಂ ಅಂತ ಹಾರಿಬಿಡುತ್ತವೆ. ನೀರಿಗಾದರೆ ಸಮಾಧಾನ ಹೇಳಬಹುದು, ಟೀಚರ್‌ಗೆ ಹೇಳೋಕಾಗಲ್ಲ ಅನ್ನೋದು ಮಕ್ಕಳ ಲೆಕ್ಕಾಚಾರ.

ಕೊಳದ ನೀರು ಬೆಚ್ಚಗಿರುವುದರಿಂದ ಅಲ್ಲಿಯ ದೊಡ್ಡ ಗಾಜಿನ ಕಿಟಕಿಗಳಿಗೆ ಯಾವಾಗಲೂ ಹಬೆ ಹಿಡಿದಿರುತ್ತದೆ. ಕ್ಲಾಸು ಮುಗಿದ ಮೇಲೆ ಟೀಚರ್ ಮೂಲೆಯ ಕಿಟಕಿಯ ಬಳಿ ಹೋಗಿ ಅಂಗೈಯಿಂದ ಹಬೆ ಒರೆಸಿ ಹೊರಗೆ ನೋಡುತ್ತಾಳೆ. ಬಸ್ ಡಿಪೋದ ಆಚೆಗೆ ಸರೋವರ. ಬೆಟ್ಟದ ಹಿಮ ಕರಗಿ ತುಂಬಿದ ನೀರು ಅದು, ನಡುಬೇಸಿಗೆಯಲ್ಲಿ ಕಾಲಿಟ್ಟರೂ ಹಲ್ಲು ಕಟಕಟ ಅನ್ನುತ್ತೆ. ಚಳಿಗಾಲದಲ್ಲಂತೂ ಅಂಚಿನಲ್ಲಿ ಐಸ್ ಕಟ್ಟುತ್ತದೆ. ದೋಣಿ ಮಗುಚಿದರೆ, ಐಸ್ ಒಡೆದು ಯಾರಾದರೂ ಒಳಗೆ ಹೋದರೆ, ಅಲ್ಲಿ ಇಳಿಯುವುದಕ್ಕೆಂದೇ ಊರಿನಲ್ಲಿ ಒಂದು ರಕ್ಷಣಾ ತಂಡವಿದೆ. ಹಗಲು ಹೊತ್ತು ಒಬ್ಬ ಬಸ್ ಓಡಿಸುತ್ತಾನೆ, ಒಬ್ಬ ಬ್ರೆಡ್ ಸುಡುತ್ತಾನೆ, ಕರೆ ಬಂದರೆ ಎಲ್ಲರೂ ನೀರಿಗೆ. ಊರಿನ ಅರ್ಧ ಜನಕ್ಕೆ ತೇಲುವುದನ್ನು ಕಲಿಸಿದ ತನಗೆ, ಮುಳುಗಿದವರನ್ನು ಎತ್ತುವ ಆ ತಂಡದಲ್ಲಿ ಜಾಗ ಬೇಕು ಅಂತ ಟೀಚರ್‌ಗೆ ಅದೆಷ್ಟು ಕಾಲದಿಂದ ಆಸೆಯೋ, ಆ ಕಿಟಕಿಯ ಗಾಜಿಗೇ ಗೊತ್ತು.

ಸ್ಕೂಬಾ ಅವಳಿಗೆ ಹೊಸದಲ್ಲ. ಟ್ಯಾಂಕ್ ಬೆನ್ನಿಗೇರಿಸಿ ಬೆಚ್ಚಗಿನ ಸಮುದ್ರದಲ್ಲಿ ಎಷ್ಟೋ ಸಲ ಇಳಿದಿದ್ದಾಳೆ, ಸರ್ಟಿಫಿಕೇಟೂ ಇದೆ. ಆದರೆ ತಂಡದ ಟೆಸ್ಟ್ ಬೇರೆಯೇ. ಸರೋವರದ ತಳದಲ್ಲಿ ಒಂದು ಕಬ್ಬಿಣದ ಡ್ರಮ್ ಬಿದ್ದಿದೆ. ಅದಕ್ಕೆ ಬೆಸೆದ ಕಬ್ಬಿಣದ ಬಳೆಗೆ ಹಗ್ಗ ಬಿಗಿಯಬೇಕು, ಟ್ಯಾಂಕಿನ ಗಾಳಿ ಅರ್ಧವಾಗುವವರೆಗೆ ಕೆಳಗೇ ಇರಬೇಕು, ಮೇಲೆ ಬಂದ ಮೇಲೂ ಕೈಬೆರಳು ಮಾತು ಕೇಳುತ್ತಿರಬೇಕು.

ಚಳಿಗಾಲದ ಶುರುವಿನಲ್ಲಿ ಅವಳು ಮೊದಲ ಸಲ ಇಳಿದಿದ್ದು ತಂಡದ ಸ್ಪೇರ್ ಸೂಟಿನಲ್ಲಿ, ಒಳಗೆ ಗಾಳಿ ತುಂಬಿಕೊಂಡು ಇಳಿಯುವಂಥದ್ದು. ಅದು ಏಣಿಯ ಹಳೇ ಸೂಟು. ಏಣಿ ಅಂದರೆ ಬಸ್ ಡ್ರೈವರ್. ಅವನ ಎತ್ತರ ನೋಡಿದರೆ ಆ ಅಡ್ಡಹೆಸರು ಇಟ್ಟವರನ್ನು ಯಾರೂ ಬೈಯುವುದಿಲ್ಲ. ಟೀಚರ್ ಅದರೊಳಗೆ ಹೊಕ್ಕಾಗ ಮೊಣಕಾಲ ಹತ್ತಿರ ಇನ್ನೊಂದು ಮೊಣಕಾಲು ಹಿಡಿಸುವಷ್ಟು ಬಟ್ಟೆ ಮಿಕ್ಕಿತ್ತು. ಆದರೂ ಅವಳಿಗೆ ಅದು ಆರಾಮ ಅನ್ನಿಸಿತು. ತಳಕ್ಕೆ ಹೋದಳು, ಡ್ರಮ್ ಸಿಕ್ಕಿತು, ಹಗ್ಗ ತೂರಿಸೋಣ ಅಂತ ತಲೆ ಕೆಳಗೆ ಬಗ್ಗಿಸಿದಳು ನೋಡಿ, ಯಾರೋ ಎರಡೂ ಕಾಲು ಹಿಡಿದು ಮೇಲಕ್ಕೆಳೆದ ಹಾಗಾಯಿತು. ಸೂಟಿನೊಳಗಿನ ಗಾಳಿಯೆಲ್ಲ ಕಾಲಿಗೆ ನುಗ್ಗಿ, ತಲೆ ಕೆಳಗೆ ಕಾಲು ಮೇಲೆ, ಕೈ ಬಡಿಯುತ್ತ ಹೊರಟೇಬಿಟ್ಟಳು. ಪುಣ್ಯಕ್ಕೆ ಅಲ್ಲಿ ಆಳ ಕಡಿಮೆ, ಹಾಗೆ ಸರ್ರನೆ ಎದ್ದರೂ ಅಪಾಯವಾಗಲಿಲ್ಲ. ದಡದಲ್ಲಿ ನಿಂತವರಿಗೆ ಮೊದಲು ಕಾಣಿಸಿದ್ದು ಅವಳ ಎರಡು ಪಾದ. ಸಾಲದ್ದಕ್ಕೆ ದೊಗಳೆ ಕತ್ತಿನಿಂದ ಐಸ್‌ನಂಥ ನೀರು ಬೇರೆ ಹೊಟ್ಟೆಯವರೆಗೆ ಇಳಿದಿತ್ತು. ಆಮೇಲೆ ಚಹಾದ ಲೋಟ ಹಿಡಿದರೆ ಅರ್ಧ ಚಹಾ ನೆಲಕ್ಕೆ.

ತಂಡದ ಮುಖ್ಯಸ್ಥನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ, ಊರಿನ ದೋಣಿಕಟ್ಟೆ ನೋಡಿಕೊಳ್ಳುವವನು. ಅವನು ಮಾತ್ರ ನಗಲಿಲ್ಲ. ಸೂಟಿನ ಗಾಳಿ ಬಿಡುವ ವಾಲ್ವನ್ನು ಬೇಗ ತೆರೆಯಬೇಕಿತ್ತು ಅಂದ. ಆಮೇಲೆ ಅವಳ ಹೆಗಲ ಮೇಲೆ ಕಂಬಳಿ ಸರಿಮಾಡುತ್ತ, "ಟೀಚರ್, ಬೇಜಾರು ಮಾಡ್ಕೋಬೇಡಿ. ಚಳಿಗಾಲ ಮುಗಿಯೋದ್ರೊಳಗೆ ನಿಮ್ಮದೇ ಸೂಟು ತಗೊಂಡು ಇನ್ನೊಂದು ಸಲ ಬನ್ನಿ. ಆಗಲೂ ಹೀಗಾದ್ರೆ ದಡದ ಕೆಲಸ ಕೊಡ್ತೀನಿ. ಹಗ್ಗ ಹಿಡಿಯೋದು, ಕಂಬಳಿ ಹೊದಿಸೋದು. ಅದೂ ಕೆಲಸಾನೇ," ಅಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ 'ಕಂಬಳಿ ಹೊದಿಸೋದು' ಅನ್ನುವುದು ಟೀಚರ್ ಎದೆಗೆ ಮುಳ್ಳಿನ ಹಾಗೆ ಚುಚ್ಚಿ ಕೂತಿತು. ಇನ್ನು ಒಂದೇ ಸಲ. ಆ ಒಂದು ಸಲ ಯಾವ ಸೂಟಿನಲ್ಲಿ ಇಳಿಯುತ್ತಾಳೆ ಅನ್ನುವುದರ ಮೇಲೆ ಉಳಿದ ಆಯುಷ್ಯವೆಲ್ಲ ನೀರಿನಲ್ಲೋ ದಡದಲ್ಲೋ ಅಂತ ತೀರ್ಮಾನ.

ಸೂಟು ತರುವ ಕೆಲಸಕ್ಕೆ ಮನೆಯೇ ಎದ್ದು ಹೊರಟಿತು. ಗಂಡನಿಗೆ ಮನೆಯ ಕೆಳಗೇ ಸೋಫಾ ರಿಪೇರಿ ಅಂಗಡಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಸೋಫಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಮನುಷ್ಯ. ಹೊಲಿಗೆ, ಜಿಪ್ಪು ಎಲ್ಲ ನೋಡೋಕೆ ತಾನು ಬೇಕೇ ಬೇಕು ಅಂದ. ಅತ್ತೆ ತಾನೂ ಬರುತ್ತೇನೆ ಅಂದರು. ಚಳಿಯ ವಿಷಯದಲ್ಲಿ ಊರಿಗೆಲ್ಲ ಹಿರಿಯರು ಅವರು. ಸೆಕೆಯಲ್ಲೂ ಸ್ವೆಟರ್, ಸ್ವೆಟರ್ ಕೆಳಗೆ ಸ್ವೆಟರ್, ಅದರ ಕೆಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಆ ಮನೆಯಲ್ಲಿ ಬಟ್ಟೆ ಕೊಳ್ಳುವ ಪದ್ಧತಿಯೂ ಅತ್ತೆಯದೇ: ಏನೇ ತಂದರೂ ಒಂದು ಸೈಜು ದೊಡ್ಡದು. "ಸ್ವಲ್ಪ ಸಡಿಲ ಇರಲಿ." ಮಕ್ಕಳಿಗೆ ಬೆಳೀತಾರೆ ಅಂತ, ದೊಡ್ಡವರಿಗೆ ದಪ್ಪ ಆಗ್ತಾರೆ ಅಂತ, ತಮಗೆ ಒಳಗೆ ಇನ್ನೊಂದು ಸ್ವೆಟರ್ ಹಾಕೋಬೇಕು ಅಂತ. ಆ ಮನೆಯಲ್ಲಿ ಸರಿಯಾದ ಅಳತೆಯ ಚಪ್ಪಲಿಯನ್ನು ಯಾರೂ ಮೆಟ್ಟಿದ್ದಿಲ್ಲ; ಮೆಟ್ಟಿಲಿಳಿದರೆ ಯಾರ ಹೆಜ್ಜೆಯಾದರೂ ಪಟಪಟ ಅನ್ನುತ್ತದೆ.

ಡೈವಿಂಗ್ ಅಂಗಡಿ ಪಕ್ಕದ ದೊಡ್ಡ ಊರಿನಲ್ಲಿತ್ತು, ಬಸ್ಸಿನಲ್ಲಿ ಹೋಗಬೇಕು. ಒಳಗೆ ಕಾಲಿಟ್ಟರೆ ಹೊಸ ಟೈರಿನ ವಾಸನೆ. ತಲೆಯಿಲ್ಲದ ಜನ ಸಾಲಾಗಿ ನೇತಾಡುತ್ತಿರುವ ಹಾಗೆ ಕರಿ ಸೂಟುಗಳು. ಅಂಗಡಿಯಾಕೆ ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡೇ ಎದುರಾದಳು.

ಗಂಡ ನೇರವಾಗಿ ಹೋಗಿ ಅತಿ ದಪ್ಪದ ವೆಟ್‌ಸೂಟಿನ ಎದುರು ನಿಂತು ಹೆಬ್ಬೆರಳು ಒತ್ತಿದ. ಒಳ್ಳೇ ಫೋಮ್, ಇದೇ ಸಾಕು ಅಂತ ಅಲ್ಲೇ ತೀರ್ಪು ಕೊಟ್ಟ. ಅಂಗಡಿಯಾಕೆ ಸಮಾಧಾನವಾಗಿ ಬಿಡಿಸಿ ಹೇಳಿದಳು. ವೆಟ್‌ಸೂಟಿನ ಒಳಗೆ ನೀರು ಬಂದೇ ಬರುತ್ತದೆ. ಆ ತೆಳು ನೀರನ್ನು ನಮ್ಮ ಮೈಯೇ ಬಿಸಿ ಮಾಡಿಕೊಳ್ಳಬೇಕು. ಸಾಧಾರಣ ತಣ್ಣೀರಿಗೆ ಸರಿ. ಐಸ್ ಕಟ್ಟುವ ನೀರಿನಲ್ಲಿ ಹೆಚ್ಚು ಹೊತ್ತು ಇದ್ದರೆ ಮೈಯ ಬಿಸಿ ಸೋತುಹೋಗುತ್ತದೆ. ಮೇಲಾಗಿ ಆಳಕ್ಕೆ ಹೋದಷ್ಟೂ ನೀರಿನ ಭಾರಕ್ಕೆ ಫೋಮ್ ಚಪ್ಪಟೆಯಾಗುತ್ತದೆ. ಈ ಕೊನೆಯ ಮಾತು ಕೇಳಿದ್ದೇ ಗಂಡ ವೆಟ್‌ಸೂಟಿನಿಂದ ಕೈ ತೆಗೆದ. ಚಪ್ಪಟೆಯಾದ ಫೋಮು ಯಾರಿಗೂ ಆಗದು ಅನ್ನುವುದು ಅವನ ಇಡೀ ಬದುಕಿನ ಅನುಭವ.

ಹಾಗಾದರೆ ಡ್ರೈಸೂಟು. ಕತ್ತಿಗೆ, ಮಣಿಕಟ್ಟಿಗೆ ಬಿಗಿಯಾದ ರಬ್ಬರ್ ಪಟ್ಟಿ, ನೀರು ಬಿಡದ ಜಿಪ್ಪು. ಒಂದು ಹನಿಯೂ ಒಳಗೆ ಬರಬಾರದು. ಅಂಗಡಿಯಾಕೆ ಅದನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ ಮಗನ ಕಡೆ ತಿರುಗಿದರು.

"ಇದು ರೇನ್‌ಕೋಟು ಕಣೋ. ಇದಕ್ಕೆ ಇಷ್ಟು ದೂರ ಬಂದ್ವಾ?"

ಬಿಸಿ ಕೊಡೋದು ಸೂಟಲ್ಲ, ಅದರೊಳಗೆ ಹಾಕುವ ಉಣ್ಣೆ ಮತ್ತು ಉಣ್ಣೆ ಹಿಡಿದಿಟ್ಟುಕೊಳ್ಳುವ ಗಾಳಿ ಅಂತ ಅಂಗಡಿಯಾಕೆ ಹೇಳಿದಾಗ ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. ಉಣ್ಣೆ ಅವರ ಪಕ್ಷ. ಆದರೆ ಅಳತೆ ನೋಡಬೇಕಾದರೆ ಒಳಬಟ್ಟೆ ಹಾಕಿಕೊಂಡೇ ನೋಡಬೇಕು, ಮೈಗೆ ತಾಗಿ ತೆಳು ಉಣ್ಣೆ, ಅದರ ಮೇಲೆ ಅಂಗಡಿಯದೇ ದಪ್ಪ ಒಳಸೂಟು. ತೆಳು ಉಣ್ಣೆ ಯಾರು ತಂದಿದ್ದಾರೆ? ಟೀಚರ್ ಹಾಕಿಕೊಂಡು ಬಂದಿದ್ದು ಹತ್ತಿಯ ಬನಿಯನ್. ಹತ್ತಿ ಬೆವರು ಹಿಡಿದು ತಣ್ಣಗಾಗುತ್ತೆ, ಅದು ಬೇಡವೇ ಬೇಡ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಅತ್ತೆ ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದುಕೊಂಡರು. ಒಳಗಿಂದ ಒಂದಾದ ಮೇಲೊಂದು ಸ್ವೆಟರ್ ಪರದೆಯ ಕಂಬಿಯ ಮೇಲೆ ಬಂದು ಬಿತ್ತು. ಕೊನೆಗೆ ಒಂದು ಕೈ ಹೊರಗೆ ಬಂತು, ಕೈಯಲ್ಲಿ ಬೂದು ಬಣ್ಣದ ತೆಳುವಾದ ಉಣ್ಣೆಯ ಬನಿಯನ್.

"ತಗೋ. ಬೇಗ ವಾಪಸ್ ಕೊಡು, ನಡುಗ್ತಿದೀನಿ."

ಅದನ್ನು ಹಾಕಿ, ಅದರ ಮೇಲೆ ಒಳಸೂಟು ಹಾಕಿ, ಟೀಚರ್ ಮೊದಲು ದೊಡ್ಡ ಸೈಜಿನ ಡ್ರೈಸೂಟಿಗೆ ಇಳಿದಳು. ಅತ್ತೆಯೇ ಆರಿಸಿದ್ದು. ಆಹಾ ಎಂಥ ಆರಾಮ. ಕೈ ಎತ್ತಿದರೆ ಕೈ ಎದ್ದಿತು, ಕಾಲು ಹಾಕಿದರೆ ಕಾಲು ಹೋಯಿತು, ಎಲ್ಲೂ ಹಿಡಿತವಿಲ್ಲ. ಅತ್ತೆ ಮತ್ತೆ ಸ್ವೆಟರುಗಳೊಳಗೆ ಸೇರಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದು, ಇದೇ ಸರಿ ಅಂದರು. ಗಂಡ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿ ತಲೆಯಾಡಿಸಿದ. ಟೀಚರ್ ಬಾಯಲ್ಲೂ 'ಇದನ್ನೇ ಕಟ್ಟಿಕೊಡಿ' ಅನ್ನುವುದು ಬಂದೇಬಿಟ್ಟಿತ್ತು.

ಅಷ್ಟರಲ್ಲಿ ಅಂಗಡಿಯಾಕೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ ಅಂದಳು. ಟೀಚರ್ ಕೂತಳು. ಒಳಗಿದ್ದ ಗಾಳಿ ಸರ್ರನೆ ಮೇಲೆ ಬಂದು ಎದೆಯ ಹತ್ತಿರ ಸೂಟು ದಿಂಬಿನ ಹಾಗೆ ಉಬ್ಬಿತು, ಗದ್ದಕ್ಕೆ ತಾಗಿತು. ಎದ್ದಳು. ದಿಂಬು ಮಾಯವಾಗಿ ತೊಡೆಯ ಹತ್ತಿರ ಪುಸ್ ಅಂತ ಹರಡಿತು. ಮತ್ತೆ ಕೂತಳು, ಎದ್ದಳು. ಗಾಳಿ ತನ್ನ ಮನೆಯ ಹಾಗೆ ಒಳಗೆಲ್ಲ ಓಡಾಡುತ್ತಿದೆ.

ಟೀಚರ್ ಕನ್ನಡಿಯ ಎದುರು ಹಾಗೇ ನಿಂತುಬಿಟ್ಟಳು. ಅವಳ ಕಣ್ಣಿಗೆ ಕಂಡಿದ್ದು ಈಜುಕೊಳ. ಪ್ರತಿ ವರ್ಷ, ಪ್ರತಿ ಹೊಸ ಬ್ಯಾಚಿನಲ್ಲಿ, ಅಪ್ಪನ ದೊಗಳೆ ಚಡ್ಡಿ ಹಾಕಿಕೊಂಡು ಬರುವ ಒಂದು ಮಗು ಇದ್ದೇ ಇರುತ್ತದೆ. ನೀರಿಗೆ ಹಾರಿದ ತಕ್ಷಣ ಚಡ್ಡಿಯಲ್ಲಿ ಗಾಳಿ ತುಂಬಿ ಹಿಂಭಾಗ ಮೇಲೆ, ಮುಖ ಕೆಳಗೆ. ಆಗ ಸೀಟಿ ಊದಿ ಅವಳು ಇಡೀ ಕೊಳಕ್ಕೆ ಕೇಳಿಸುವ ಹಾಗೆ ಕೂಗುವುದು ಒಂದೇ ಮಾತು: ನಾಳೆ ಅಳತೆ ಚಡ್ಡಿ ಹಾಕ್ಕೊಂಡು ಬಾ. ಊರಿನ ಮಕ್ಕಳಿಗೆಲ್ಲ ಹೇಳಿದ್ದನ್ನು ಅವಳು ತನಗೆ ಮಾತ್ರ ಯಾವತ್ತೂ ಹೇಳಿಕೊಂಡಿರಲಿಲ್ಲ. ಅವತ್ತು ಸರೋವರದಲ್ಲಿ ಕಾಲು ಹಿಡಿದು ಎಳೆದವರು ಯಾರು ಅಂತ ಈಗ ಗೊತ್ತಾಯಿತು. ವಾಲ್ವ್ ಅಲ್ಲ, ವಯಸ್ಸಲ್ಲ, ಅವಳ ಹೆದರಿಕೆಯೂ ಅಲ್ಲ. ಓಡಾಡೋಕೆ ಜಾಗ ಸಿಕ್ಕ ಗಾಳಿ.

"ಅತ್ತೆ, ಇದು ಬೇಡ," ಅಂದಳು. "ಇದರಲ್ಲಿ ಹೋದ್ರೆ ನಾನು ಮತ್ತೆ ಕಾಲು ಮೇಲೆ ಮಾಡ್ಕೊಂಡೇ ಬರೋದು. ನನಗೆ ಅಳತೆದು ಬೇಕು."

"ಅಳತೆದಾ? ಉಸಿರು ಬಿಟ್ರೆ ಹರಿಯುತ್ತೆ."

"ಹರಿದ್ರೆ ಹೊಲಿಯೋಕೆ ನಿಮ್ಮ ಮಗ ಇದ್ದಾರಲ್ಲ."

ಅತ್ತೆಗೆ ಸೊಸೆ ಎದುರಾಡಿದ್ದು ಅಂಗಡಿಯಾಕೆಯ ಮುಂದೆ. ಅವರು ಬೆಂಚಿನ ಮೇಲೆ ಹೋಗಿ ಕೂತು, ನೇತಾಡುವ ಸೂಟುಗಳ ಕಡೆ ಮುಖ ಮಾಡಿದರು.

ಅಂಗಡಿಯಾಕೆ ಒಳಗಿನ ಕೋಣೆಯಿಂದ ಇನ್ನೊಂದು ತಂದಳು: ಕುಳ್ಳಗಿನ, ಭುಜ ಅಗಲದ ಹೆಂಗಸರಿಗೆಂದೇ ಹೊಲಿದದ್ದು, ಕಡುನೀಲಿ. ಜಿಪ್ಪು ಬೆನ್ನ ಮೇಲಲ್ಲ, ಎದೆಯ ಮೇಲೆ ಅಡ್ಡಡ್ಡ, ತಾನೇ ಎಳೆದುಕೊಳ್ಳಬಹುದು. ಟೀಚರ್ ಹಾಕಿಕೊಂಡಳು. ಬಿಗಿಯಲ್ಲ, ಸುಮ್ಮನೆ ಮಿಕ್ಕಿದ್ದೇನೂ ಇಲ್ಲ, ಅಷ್ಟೇ. ಕೂತಳು, ಗದ್ದದ ಕೆಳಗೆ ದಿಂಬು ಏಳಲಿಲ್ಲ. ಕೈ ಎರಡನ್ನೂ ಎದೆಗೆ ಅಡ್ಡ ಕಟ್ಟಿದಳು, ಬೆನ್ನು ಹಿಡಿಯಲಿಲ್ಲ. ಕೊನೆಗೆ ತಲೆಯ ಹಿಂದಕ್ಕೆ ಕೈ ಹಾಕಿ ಟ್ಯಾಂಕಿನ ವಾಲ್ವ್ ಇರುವ ಜಾಗ ಮುಟ್ಟಬೇಕು. ನೀರಿನಲ್ಲಿ ಅದು ಸಿಗದಿದ್ದರೆ ಎಂಥ ಸೂಟೂ ಉಪಯೋಗಕ್ಕಿಲ್ಲ. ಇಷ್ಟು ವರ್ಷ ಈಜು ಹೊಡೆದ ಭುಜ ಅದು, ಸಲೀಸಾಗಿ ಹಿಂದಕ್ಕೆ ಹೋಗಿ ಬಂತು. ಜೊತೆಗೆ ದಪ್ಪ ಟೋಪಿ, ದಪ್ಪ ಕೈಗವಸು ಸೇರಿಸಿ ಕಟ್ಟಿಸಿಕೊಂಡರು. ಬಸ್ಸಿನಲ್ಲಿ ಗಂಡ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಅತ್ತೆ ಇಡೀ ದಾರಿ ಕಿಟಕಿಯ ಹೊರಗೆ ನೋಡಿ, ಇಳಿಯುವಾಗ ಮಾತ್ರ ಹಾವಿನ ಪೊರೆ ಇದ್ದಂಗಿದೆ ಅಂತ ಒಂದು ಮಾತು ಎಸೆದರು.

ಇನ್ನುಳಿದಿದ್ದು ಕತ್ತು. ಹೊಸ ರಬ್ಬರ್ ಪಟ್ಟಿ ಕತ್ತನ್ನು ಹಿಡಿದ ರೀತಿಗೆ ಮೊದಲ ದಿನ ಟೀಚರ್ ಮುಖ ಟೊಮೇಟೊ ಆಯಿತು. ಪಟ್ಟಿಯ ಮೇಲೆ ಸುತ್ತು ಸುತ್ತಾಗಿ ಗೆರೆಗಳಿವೆ, ಬೇಕಾದಷ್ಟು ಸುತ್ತು ಕತ್ತರಿಸಿ ಸಡಿಲ ಮಾಡಿಕೊಳ್ಳಬಹುದು. ಆದರೆ ಕತ್ತರಿಸಿದ್ದು ಮತ್ತೆ ಅಂಟುವುದಿಲ್ಲ, ಹೆಚ್ಚಾದರೆ ನೀರು. ಮೊದಲು ಯಾವುದಾದರೂ ಡಬ್ಬದ ಮೇಲೆ ಎಳೆದು ಹಿಗ್ಗಿಸಿ ಅಂತ ಅಂಗಡಿಯಾಕೆ ಹೇಳಿದ್ದಳು. ಅಡುಗೆಮನೆಯ ಡಬ್ಬಗಳೆಲ್ಲ ಪರೀಕ್ಷೆಗೆ ಬಂದವು. ಒಂದು ಸಣ್ಣದು, ಒಂದು ತೀರಾ ದೊಡ್ಡದು. ಸರಿಹೋಗಿದ್ದು ಅತ್ತೆಯ ಹಿಟ್ಟಿನ ಡಬ್ಬ. ಅತ್ತೆ ಹಿಟ್ಟನ್ನು ಬೇರೆ ಪಾತ್ರೆಗೆ ಸುರಿದು ಡಬ್ಬ ಒರೆಸಿ ಕೊಟ್ಟರು, ಕೊಡುವಾಗ ಮುಖ ಮಾತ್ರ ಗೋಡೆಯ ಕಡೆ.

ಮರುದಿನ ಗಂಡ ಅಂಗಡಿಯಿಂದ ದೊಡ್ಡ ಕತ್ತರಿ ತಂದ. ಅತ್ತೆ ಎರಡು ಸುತ್ತು ತೆಗೆದುಬಿಡು, ಪಾಪ ಉಸಿರಾಡಲಿ ಅಂದರು. ಗಂಡನೂ ಹೂಂಗುಟ್ಟಿದ. ಟೀಚರ್ ಪಟ್ಟಿ ಹಾಕಿಕೊಂಡು ಎಂಜಲು ನುಂಗಿದಳು, ಕತ್ತು ಅತ್ತ ಇತ್ತ ತಿರುಗಿಸಿದಳು, ಮನೆ ತುಂಬ ಓಡಾಡಿ ಬಂದಳು. ಸ್ವಲ್ಪ ಹಿಡಿಯುತ್ತದೆ, ತಲೆ ಸುತ್ತುವಷ್ಟಲ್ಲ. ಒಂದೇ ಸುತ್ತು ಅಂದಳು. ಗಂಡ ತುಟಿ ಕಚ್ಚಿಕೊಂಡು, ಕತ್ತರಿ ಎಲ್ಲೂ ಎತ್ತದೆ, ಮಖಮಲ್ಲು ಕತ್ತರಿಸುವ ಹಾಗೆ ಒಂದು ಸುತ್ತು ಬಂದ. ಅಂಚು ಬೆಣ್ಣೆಯಂತೆ ನುಣ್ಣಗೆ ಬಂತು. ಆ ದಿನದಿಂದ ಅವಳು ಸಂಜೆ ಸೂಟು ಹಾಕಿಕೊಂಡೇ ಟಿವಿ ನೋಡಿದಳು, ತರಕಾರಿ ಹೆಚ್ಚಿದಳು, ಕ್ಲಾಸಿಲ್ಲದ ಹೊತ್ತಿನಲ್ಲಿ ಕೊಳಕ್ಕಿಳಿದು ಗಾಳಿ ತುಂಬುವುದು ಬಿಡುವುದು ಮಾಡಿದಳು. ಬೆವರಿ ಬೆವರಿ ಸೊರಗಿದಳು, ಆದರೆ ಗಾಳಿ ಅವಳ ಮಾತು ಕೇಳತೊಡಗಿತು.

ಟೆಸ್ಟಿನ ಬೆಳಿಗ್ಗೆ ಸರೋವರದ ಅಂಚಿನಲ್ಲಿ ಗಾಜಿನಂಥ ತೆಳು ಐಸ್. ಅತ್ತೆಯೂ ಬಂದಿದ್ದರು, ಸ್ವೆಟರುಗಳ ಮೇಲೆ ಶಾಲು, ಶಾಲಿನ ಮೇಲೆ ಮಗನ ಜಾಕೆಟ್, ಕಣ್ಣು ಮೂಗು ಬಿಟ್ಟರೆ ಏನೂ ಕಾಣದು. ಟೀಚರ್ ಕತ್ತಿಗೆ ಪೌಡರ್ ಹಚ್ಚಿಕೊಂಡು ತಲೆ ತೂರಿಸಿದಳು. ರಬ್ಬರ್ ಕೆಳಗೆ ಒಂದು ಕೂದಲು ಸಿಕ್ಕರೂ ಅದೇ ನೀರಿಗೆ ದಾರಿ, ಹಾಗಾಗಿ ಗಂಡ ಕತ್ತಿನ ಸುತ್ತ ಬೆರಳಾಡಿಸಿ ನೋಡಿದ. ಜಿಪ್ಪು ಎಳೆಯುವ ಮೊದಲು ಅತ್ತೆ ಹತ್ತಿರ ಬಂದು ಒಂದು ಹತ್ತಿಯ ಕರ್ಚೀಫನ್ನು ಸೊಸೆಯ ಎದೆಯೊಳಗೆ ತುರುಕಿದರು.

"ಇದು ಒದ್ದೆಯಾಗಿ ಬಂತೋ, ಆ ಅಂಗಡಿಯವಳ ಹತ್ರ ನಾನೇ ಹೋಗ್ತೀನಿ."

ಜೊತೆಗೆ ಇಳಿದಿದ್ದು ಏಣಿ. ನೀರು ತುಟಿಗೆ ತಾಗಿದಾಗ ಸೂಜಿ ಚುಚ್ಚಿದಂತಾಯಿತು, ಆಮೇಲೆ ತುಟಿಯೇ ಇಲ್ಲ ಅನ್ನುವ ಹಾಗೆ. ಆದರೆ ಕತ್ತಿನ ಕೆಳಗೆ ಬೇರೆಯದೇ ಲೋಕ. ಆಳಕ್ಕೆ ಹೋದಂತೆ ನೀರು ಸೂಟನ್ನು ಮೈಗೆ ಅಮುಕುತ್ತಿತ್ತು. ಅವಳು ಸೂಟಿನ ಎದೆಯ ಗುಂಡಿ ಒತ್ತಿ ಟ್ಯಾಂಕಿನಿಂದ ಒಂದು ಗುಟುಕು ಗಾಳಿ ಒಳಗೆ ಬಿಟ್ಟುಕೊಂಡಳು, ಅಮುಕು ಹೋಯಿತು. ಮಸುಕು ಹಸಿರಿನೊಳಗೆ ಡ್ರಮ್ ಕಂಡಿತು.

ಈಗ ಅದೇ ಜಾಗ. ಬಳೆ ಡ್ರಮ್ಮಿನ ಕೆಳಭಾಗದಲ್ಲಿದೆ, ತಲೆ ಬಗ್ಗಿಸಲೇಬೇಕು. ಟೀಚರ್ ಹಗ್ಗ ಹಿಡಿದು ಒಂದು ಉಸಿರು ಎಳೆದು ಬಗ್ಗಿದಳು. ಬಗ್ಗಿ ಕಾದಳು. ಕಾಲು ಈಗ ಏಳುತ್ತೆ, ಈಗ ಏಳುತ್ತೆ. ಒಂದು ಚೂರು ಗಾಳಿ ಮೀನಖಂಡದವರೆಗೆ ಹೋಯಿತು, ಮುಂದೆ ಜಾಗ ಇಲ್ಲ ಅಂತ ಅಲ್ಲೇ ನಿಂತಿತು. ಕಾಲು ಎಲ್ಲಿತ್ತೋ ಅಲ್ಲೇ ಇತ್ತು. ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್ ಇರದಿದ್ದರೆ ಅವಳು ಸೀಟಿ ಹೊಡೆದೇಬಿಡುತ್ತಿದ್ದಳು. ದಪ್ಪ ಗವಸಿನ ಬೆರಳಿನಿಂದಲೇ ಹಗ್ಗ ತೂರಿಸಿ, ಸುತ್ತಿ, ಗಂಟು ಹಾಕಿ, ಎಳೆದು ನೋಡಿದಳು. ಡ್ರಮ್ ಅಲುಗಿತು, ಗಂಟು ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಏಣಿ ಹೆಬ್ಬೆರಳು ಮೇಲೆತ್ತಿ ತೋರಿಸಿದ, ನೀರಿನಲ್ಲಿ ಅದಕ್ಕೆ ಮೇಲೆ ಹೋಗೋಣ ಅಂತ ಅರ್ಥ. ಟೀಚರ್ ತನ್ನ ಟ್ಯಾಂಕಿನ ಮೀಟರ್ ಅವನ ಮುಖದ ಮುಂದೆ ಹಿಡಿದಳು. ಮುಳ್ಳು ಇನ್ನೂ ಅರ್ಧಕ್ಕೆ ಬಂದಿಲ್ಲ. ಮೇಲೆ ಹೋಗಲೇಬೇಕಾ ಅಂತ ಕೈಯಲ್ಲೇ ಕೇಳಿದಳು. ಅವನು ಇಲ್ಲ, ಇರ್ತೀನಿ ಅಂತ ತೋರಿಸಿ ಕಂಕುಳಲ್ಲಿ ಕೈ ಇಟ್ಟುಕೊಂಡು ಜೊತೆಗೇ ಈಜಿದ. ಮುಳ್ಳು ಅರ್ಧ ಮುಟ್ಟಿದಾಗ ಹೆಬ್ಬೆರಳು ಎತ್ತಿದ್ದು ಟೀಚರ್. ಗಾಳಿ ಬಿಡುತ್ತ ಬಿಡುತ್ತ, ಅವಸರವಿಲ್ಲದೆ ಮೇಲೆ ಬಂದಳು. ಈ ಸಲ ದಡದವರಿಗೆ ಮೊದಲು ಕಂಡಿದ್ದು ಅವಳ ತಲೆ.

ಕ್ಯಾಪ್ಟನ್ ಹಗ್ಗ ಎಳೆದ. ಡ್ರಮ್ ಸರೋವರದ ತಳದಿಂದ ಗುರುಗುಟ್ಟುತ್ತ ಎದ್ದು ಬಂತು. ಅವನು ಗಂಟನ್ನು ತಿರುವಿ ನೋಡಿದ, ಇನ್ನೊಂದು ತುಂಡು ಹಗ್ಗ ಅವಳ ಕೈಗೆ ಕೊಟ್ಟ. ಟೀಚರ್ ಗವಸು ಕಿತ್ತು, ಅವನ ಮುಖ ನೋಡುತ್ತಲೇ ಅದೇ ಗಂಟು ಹಾಕಿ ತೋರಿಸಿದಳು. ಪಕ್ಕದಲ್ಲಿ ಏಣಿಯ ಕೈಯಲ್ಲಿ ಚಹಾದ ಲೋಟ ತಟತಟ ಅನ್ನುತ್ತಿತ್ತು. ಅವನ ಮಣಿಕಟ್ಟಿನ ರಬ್ಬರ್ ಎಲ್ಲೋ ಸೋರಿತ್ತಂತೆ. ಟೀಚರ್ ಪಕ್ಕದಲ್ಲಿದ್ದ ಕಂಬಳಿ ಎತ್ತಿ ಅವನ ಹೆಗಲಿಗೆ ಹೊದಿಸಿದಳು.

ಕ್ಯಾಪ್ಟನ್ ಅದನ್ನು ನೋಡಿದ. ಗಡ್ಡ ಕೆರೆದುಕೊಂಡ.

"ಕಂಬಳಿ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ ಟೀಚರ್. ನೀವು ನೀರಲ್ಲಿರಿ," ಅಂದ.

ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಗವಸು ಹಾಕಿದ ಕೈಗಳ ಚಪ್ಪಾಳೆ, ದಿಂಬು ಬಡಿದ ಹಾಗೆ. ಗಂಡ ಮಾತ್ರ ಅವಳ ಕತ್ತಿನ ಪಟ್ಟಿಯ ಅಂಚನ್ನು ಹತ್ತಿರದಿಂದ ನೋಡುತ್ತಿದ್ದ, ತನ್ನ ಕತ್ತರಿಯ ಕೆಲಸ ಅಂತ ಎಲ್ಲರಿಗೂ ತೋರಿಸುತ್ತಿದ್ದ. ಟೀಚರ್ ಎದೆಯ ಜಿಪ್ಪು ತಾನೇ ಎಳೆದು, ಒಳಗೆ ಕೈ ಹಾಕಿ, ಕರ್ಚೀಫನ್ನು ಹೊರತೆಗೆದು ಅತ್ತೆಗೆ ಕೊಟ್ಟಳು. ಮಡಿಕೆ ಕೂಡ ಹಾಗೇ ಇತ್ತು. ಅತ್ತೆ ಅದನ್ನು ಬಿಡಿಸಿ ಎರಡೂ ಕಡೆ ಕೆನ್ನೆಗೆ ಒತ್ತಿ ನೋಡಿದರು. ಒಣಗಿದ್ದಷ್ಟೇ ಅಲ್ಲ, ಬೆಚ್ಚಗಿತ್ತು. ಚಳಿಗೆ ಸೋರುತ್ತಿದ್ದ ಮೂಗನ್ನು ಅದರಲ್ಲೇ ಜೋರಾಗಿ ಒರೆಸಿಕೊಂಡು, ಸೊಸೆಯ ನೀಲಿ ಸೂಟನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿದರು.

"ನನಗೂ ಇಂಥದ್ದೊಂದು ಹೇಳು," ಅಂದರು ಅತ್ತೆ. "ಮನೇಲಿ ಹಾಕ್ಕೊಳ್ಳೋಕೆ. ಸ್ವಲ್ಪ ಸಡಿಲ ಇರಲಿ."